ಉಡಿಯಲ್ಲಿ ಹಾಕಿದ ಮಗಳು

ಹುಮನಾಬಾದ
14 ಮೇ 2025

ಅವ್ವಾ,

ಕಾಗದ ನೋಡಿ ಹೆದರಬೇಡ, ಕೆಟ್ಟ ಸುದ್ದಿ ಏನೂ ಇಲ್ಲ. ಕೈಯಲ್ಲಿ ಫೋನ್ ಇರುವಾಗ ಕಾಗದ ಯಾಕೆ ಅಂತ ಕೇಳುತ್ತೀ. ಫೋನಿನಲ್ಲಿ ನಿನ್ನ ದವಾಖಾನೆಯ ಮಾತು ತೆಗೆದರೆ ಸಾಕು, "ಊಟಾ ಆಯ್ತೇನು, ಅಳಿಯಾ ಬಂದ್ರೇನು" ಅಂತ ದಾರಿ ಬದಲಿಸುತ್ತೀ. ಹೋದ ವರ್ಷ ನಿಮ್ಮಲ್ಲಿ ಒಬ್ಬಳ ಫೋನಿನ ಮಾತನ್ನು ರೆಕಾರ್ಡ್ ಮಾಡಿಕೊಂಡು, ಅವಳಿಗೇ ಕೇಳಿಸಿ, ನಾಳೆಯಿಂದ ಬರಬೇಡ ಅಂದರಲ್ಲ, ಆ ಹೆದರಿಕೆ ನಿನ್ನನ್ನು ಬಿಟ್ಟಿಲ್ಲ. ಕಾಗದವಾದರೆ ಯಾರಿಗೂ ಕೇಳಿಸುವುದಿಲ್ಲ. ಕಲ್ಯಾಣದ ಬಸ್ಸಿನ ಕಂಡಕ್ಟರ್ ಪಾಂಡುರಂಗ ಕಾಕಾನ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ. ನೀನೂ ಅವರ ಕೈಯಲ್ಲೇ ಕಳಿಸು.

ಮೊದಲು ಸಿಹಿ ಮಾತು. ನನಗೆ ನಾಲ್ಕು ತಿಂಗಳು ತುಂಬಿತು. ಅಕ್ಟೋಬರ್ ಕೊನೆಗೆ ಅಂದಿದ್ದಾರೆ ಡಾಕ್ಟರಮ್ಮ. ನಮ್ಮ ಅತ್ತೆ ಈಗಲೇ "ಚೊಚ್ಚಲ ಬಾಣಂತನ ತವರಿನಾಗೇ ಆಗಬೇಕು" ಅಂತ ಹಾಡು ಸುರು ಮಾಡಿದ್ದಾರೆ. ನನಗೆ ಅದೇ ಬೇಕು. ಹದಿನೈದು ವರ್ಷ ಹೆರಿಗೆ ವಾರ್ಡಿನಲ್ಲಿ ಆಯಾ ಆಗಿ ಕಲ್ಯಾಣದ ಅರ್ಧ ಕೂಸುಗಳನ್ನು ಒರೆಸಿ ಎತ್ತಿದವಳು ನೀನು. ನನ್ನ ಕೂಸೂ ಮೊದಲು ನಿನ್ನ ಕೈಗೇ ಬರಲಿ.

ಈಗ ಕಹಿ ಮಾತು. ಶೇವಂತಾ ಮಾವಶಿ ನನ್ನ ಟೈಪಿಂಗ್ ಅಂಗಡಿಗೆ ಬಂದಿದ್ದಳು. ಒಂಬತ್ತು ವರ್ಷ ನಿನ್ನ ಜೊತೆ ವಾರ್ಡು ಗುಡಿಸಿದವಳು. ನಿನಗೆ ವಿಷಮಜ್ವರ ಬಂದಾಗ ಒಂದು ತಿಂಗಳು ನನಗೆ ರೊಟ್ಟಿ ಬಡಿದು ಹಾಕಿ, ನನ್ನ ಪರೀಕ್ಷೆಯ ಫೀ ಕಟ್ಟಿದವಳು. ಅವಳನ್ನು ಕೆಲಸದಿಂದ ತೆಗೆದಿದ್ದಾರೆ. ಕಾರ್ಮಿಕ ಅಧಿಕಾರಿಗೆ ಅರ್ಜಿ ಬರೆದುಕೊಡು ಅಂದಳು, ಬರೆದುಕೊಟ್ಟೆ. ಸರಕಾರ ದವಾಖಾನೆಯ ಕೆಲಸವನ್ನು ಗುತ್ತಿಗೆ ಕೊಟ್ಟಿದೆ. ಗುತ್ತಿಗೆ ಹಿಡಿದ ಏಜೆನ್ಸಿಯವರು ಪೂರಾ ಪಗಾರವನ್ನು ಬ್ಯಾಂಕಿಗೆ ಹಾಕುತ್ತಾರೆ, ತೋರಿಸಲಿಕ್ಕೆ. ಪ್ರತಿ ತಿಂಗಳು ಎಂಟನೇ ತಾರೀಖು ಇಪ್ಪತ್ತಾರು ಹೆಂಗಸರು ಅದರಲ್ಲಿ ನಾಲ್ಕು ಸಾವಿರ ತೆಗೆದು ಸೂಪರ್‌ವೈಸರ್ ಚನ್ನಬಸಪ್ಪನಿಗೆ ತಿರುಗಿ ಮುಟ್ಟಿಸಬೇಕು. ಮಾವಶಿ ಒಂದು ತಿಂಗಳು ಕೊಡುವುದಿಲ್ಲ ಅಂದಳು, ಕೆಲಸ ಹೋಯಿತು.

ರೊಕ್ಕ ಕೂಡಿಸಿ ಚನ್ನಬಸಪ್ಪನಿಗೆ ಒಯ್ದು ಕೊಡುವವರು ಯಾರು ಅಂತ ಮಾವಶಿ ಹೇಳಲಿಲ್ಲ. ನಾನೂ ಅರ್ಜಿಯಲ್ಲಿ ಹೆಸರು ಟೈಪ್ ಮಾಡಲಿಲ್ಲ.

ಜೂನ್ ಹದಿನಾರಕ್ಕೆ ಬೀದರಿನಲ್ಲಿ ವಿಚಾರಣೆ ಇದೆ. ಅಲ್ಲಿ ನೀನು ಬಂದು ಇದ್ದದ್ದು ಇದ್ದಂತೆ ಹೇಳಿದರೆ ಮುಗಿಯಿತು ಅವ್ವಾ.

ನಿನ್ನ ಮಗಳು
ಕಾಜಲ

~

ಬಸವಕಲ್ಯಾಣ
22 ಮೇ 2025

ನನ್ನ ಮಗಳು ಕಾಜಲಳಿಗೆ ನಿನ್ನ ಅವ್ವ ಧೂಳಮ್ಮನ ಆಶೀರ್ವಾದ.

ನಿನ್ನ ಕಾಗದ ಮೂರು ಸಲ ಓದಿದೆ. ಕೂಸಿನ ಸುದ್ದಿ ಇರುವ ಭಾಗವನ್ನು ಇನ್ನೂ ಹೆಚ್ಚು ಸಲ ಓದಿದೆ. ನಾನು ಏಳನೇ ಇಯತ್ತೆ ಕಲಿತವಳು. ಬರೆಯುವ ರೂಢಿ ತಪ್ಪಿ ಎಷ್ಟೋ ಕಾಲವಾಯಿತು. ನನ್ನ ಅಕ್ಷರ ಹಿಂಡು ಬಿಟ್ಟ ಕುರಿಯ ಹಾಗೆ ಅತ್ತಿತ್ತ ಹೋದರೆ ಅಳಿಯನ ಮುಂದೆ ತೋರಿಸಿ ನಗಬೇಡ.

ಪಪ್ಪಾಯಿ ಮುಟ್ಟಬೇಡ. ಅಂಗಡಿಯ ಕುರ್ಚಿಗೆ ಬೆನ್ನಿನ ಹಿಂದೆ ಒಂದು ದಿಂಬು ಇಟ್ಟುಕೋ. ಪುಂಡಿಪಲ್ಲೆ ತಿನ್ನಬೇಕು ಅನ್ನಿಸಿದರೆ ತಿನ್ನು, ಬಸುರಿಯ ಬಯಕೆಗೆ ಇಲ್ಲ ಅನ್ನಬಾರದು. ನಾನು ಈಗಿನಿಂದಲೇ ಬಾಣಂತಿ ಉಂಡೆಗೆ ಅಂತ ಕೊಬ್ಬರಿ, ಅಂಟು, ಅಳವಿ ಕೂಡಿಸಿ ಇಡುತ್ತಿದ್ದೇನೆ. ನಿನ್ನ ತೊಟ್ಟಿಲಲ್ಲಿ ಹಾಸುತ್ತಿದ್ದ ಕೌದಿ ನೆನಪಿದೆಯೇನು, ನಿನ್ನ ಅಪ್ಪನ ಹಳೆಯ ರುಮಾಲಿನ ತುಂಡು ಇದೆಯಲ್ಲ ಅದರಲ್ಲಿ? ಅದನ್ನು ಒಗೆದು ಬಿಸಿಲಿಗೆ ಹಾಕಿದೆ. ಒಂದು ಮೂಲೆ ಹರಿದಿತ್ತು, ಹೊಲಿದೆ.

ನಿನ್ನೆ ಹುಲಸೂರಿನ ಒಬ್ಬಳಿಗೆ ಅವಳಿ ಜವಳಿ ಆದವು. ಎರಡೂ ಇಲಿಮರಿಯ ಹಾಗೆ. ಅವಳ ಅತ್ತೆ ನೋಡಿ "ಬಂಗಾರ, ಬಂಗಾರ" ಅಂದಳು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ಸುಮ್ಮನೆ ಅಂದಿಲ್ಲ. ಆಕೆ ಐವತ್ತರ ನೋಟು ಹಿಡಿದು "ಆಯಾಬಾಯಿ, ಖುಷಿ ತೊಗೋರಿ" ಅಂತ ಬೆನ್ನು ಹತ್ತಿದಳು. ನಾನು ಮುಟ್ಟಲಿಲ್ಲ. ಅದು ಅವರು ಬಸ್ಸಿಗೆ ಅಂತ ಗಂಟು ಕಟ್ಟಿಕೊಂಡು ಬಂದ ರೊಕ್ಕ. ಹದಿನೈದು ವರ್ಷದಲ್ಲಿ ಯಾರ ಖುಷಿಯನ್ನೂ ನಾನು ಮುಟ್ಟಿದವಳಲ್ಲ, ನಿನಗೆ ಗೊತ್ತು.

ಶೇವಂತಾ ನನಗೆ ಒಡಹುಟ್ಟಿದ ಅಕ್ಕನಿಗಿಂತ ಹೆಚ್ಚು. ಅವಳ ಕೆಲಸ ಹೋದ ದಿನ ನಾನು ಊಟ ಮಾಡಲಿಲ್ಲ. ಆದರೆ ನೀನು ಆ ಅರ್ಜಿ ಬರೆದುಕೊಡಬಾರದಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬೇರೆ ಏನು ಬೇಕಾದರೂ ಕೇಳು ಕೂಸೇ, ಇದೊಂದು ಕೇಳಬೇಡ.

ಹೊಟ್ಟೆ ತುಂಬ ಉಣ್ಣು.

ನಿನ್ನ ಅವ್ವ
ಧೂಳಮ್ಮ

~

ಹುಮನಾಬಾದ
19 ಜೂನ್ 2025

ಅವ್ವಾ,

ನೀನು ಬರಲಿಲ್ಲ. ಮಾವಶಿಯ ಜೊತೆ ನಾನೇ ಬೀದರಿಗೆ ಹೋಗಿದ್ದೆ. ಅವಳು ಬೇಡ ಬೇಡ ಅಂದರೂ ಹೋದೆ.

ಚನ್ನಬಸಪ್ಪ ವಕೀಲನನ್ನು ಕರೆದುಕೊಂಡು ಬಂದಿದ್ದ. ಇಪ್ಪತ್ತಾರು ಮಂದಿಯ ಬ್ಯಾಂಕಿನ ಕಾಗದಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟ. "ಪೂರಾ ಪಗಾರ ಹಾಕೀವ್ರಿ ಸಾಹೇಬ್ರ. ಈ ಬಾಯಿಗಿ ಕೆಲಸದಾಗ ಮನಸ್ಸಿಲ್ಲ, ಅದಕ್ಕ ತೆಗದೀವಿ" ಅಂದ. ಅಧಿಕಾರಿ ಒಳ್ಳೆಯ ಮನುಷ್ಯ. ಕನ್ನಡಕ ತೆಗೆದು ಮಾವಶಿಯನ್ನು ಕೇಳಿದರು, "ಯಾರ ಕೈಯಾಗ ಕೊಡ್ತಿದ್ದಿ, ಹೇಳವ್ವಾ." ಮಾವಶಿ ನನ್ನ ಮುಖ ನೋಡಿದಳು. ಆಮೇಲೆ ನೆಲ ನೋಡಿ "ನೆನಪಿಲ್ರಿ" ಅಂದಳು. ವರ್ಷಗಟ್ಟಲೆ ತಿಂಗಳು ತಪ್ಪದೆ ಕೊಟ್ಟದ್ದು ನೆನಪಿಲ್ಲವಂತೆ! ಚನ್ನಬಸಪ್ಪ ನಕ್ಕ. ನನಗೆ ಆ ನಗು ಇನ್ನೂ ಕಿವಿಯಲ್ಲಿದೆ.

ಅವಳು ನಿನ್ನನ್ನು ಕಾಪಾಡಿದಳು ಅವ್ವಾ. ತನ್ನ ಅನ್ನ ಕಳೆದುಕೊಂಡು ನಿನ್ನ ಹೆಸರು ಕಾಪಾಡಿದಳು.

ನನಗೆ ಗೊತ್ತಿಲ್ಲ ಅಂದುಕೊಂಡೆಯಾ? ನಾನು ಪಿಯುಸಿ ಓದುವಾಗ ಪ್ರತಿ ಎಂಟನೇ ತಾರೀಖಿನ ಸಂಜೆ ಜೋಳದ ಡಬ್ಬಿಯಲ್ಲಿ ಒಂದು ನೀಲಿ ಚೀಲ ಇರುತ್ತಿತ್ತು. ಇದೇನು ಅಂದರೆ "ಭೀಸಿ ಚೀಟಿ ರೊಕ್ಕ, ಎಲ್ಲಾರೂ ಕೂಡಿ ಹಾಕಿದ್ದು" ಅನ್ನುತ್ತಿದ್ದೆ. ಮರುದಿನ ಚೀಲ ಇರುತ್ತಿರಲಿಲ್ಲ. ಬಾಣಂತಿಯ ಐವತ್ತು ರೂಪಾಯಿ ಖುಷಿ ಮುಟ್ಟದ ಕೈ, ಇಪ್ಪತ್ತಾರು ಮಂದಿಯ ಕೂಲಿಯನ್ನು ಹೇಗೆ ಮುಟ್ಟಿತು? ನನಗೆ ಅದು ತಿಳಿಯಬೇಕು.

ಕೆಲಸ ಹೋಗುತ್ತದೆ ಅಂತ ಹೆದರಿಕೆಯಾ? ಬಿಟ್ಟು ಇಲ್ಲಿಗೆ ಬಾ. ನಿನ್ನ ಅಳಿಯ ಅನೀಲಕುಮಾರ ತಾನಾಗಿಯೇ ಹೇಳಿದ್ದಾರೆ, ನಾನು ಕೇಳಿದ್ದಲ್ಲ. ಜನ ಬೈಯುತ್ತಾರೆ ಅಂತ ಹೆದರಿಕೆಯಾ? ಬೈಯಲಿ. ಇದ್ದದ್ದು ಹೇಳಿದವಳನ್ನು ಎಷ್ಟು ದಿನ ಬೈಯುತ್ತಾರೆ?

ಆಗಸ್ಟ್ ಆರಕ್ಕೆ ಕೊನೆಯ ತಾರೀಖು. ಅಧಿಕಾರಿ ಬಾಯಿಬಿಟ್ಟು ಹೇಳಿದರು: ರೊಕ್ಕ ಕೂಡಿಸಿದವರು ಯಾರೋ ಅವರೇ ಬಂದು ಹೇಳಿದರೆ ನಾನು ಬರೆಯುತ್ತೇನೆ, ಇಲ್ಲದಿದ್ದರೆ ನನ್ನ ಮುಂದೆ ಇರುವುದು ಈ ಬ್ಯಾಂಕಿನ ಕಾಗದ ಮಾತ್ರ. ಅರ್ಜಿ ವಜಾ ಆದರೆ ಮಾವಶಿಗೆ ಈ ತಾಲೂಕಿನಲ್ಲಿ ಯಾವ ಗುತ್ತೇದಾರನೂ ಕಸಬರಿಗೆ ಕೂಡ ಕೊಡುವುದಿಲ್ಲ.

ಕಾಜಲ

~

ಬಸವಕಲ್ಯಾಣ
3 ಜುಲೈ 2025

ಕಾಜಲ,

ಹೆರಿಗೆಗೆ ಇಲ್ಲಿಗೆ ಬರಬೇಡ. ಏಳನೇ ತಿಂಗಳಿಗೆ ಸೀಮಂತದ ಕುಬಸ ತೆಗೆದುಕೊಂಡು ನಾನು ಬರುವುದಿಲ್ಲ. ನಿನ್ನ ಅತ್ತೆಗೆ ಏನು ಹೇಳುತ್ತೀಯೋ ಹೇಳು.

ಕಾರಣ ಕೇಳಬೇಡ. ನನ್ನ ಮೇಲೆ ಸಿಟ್ಟು ಮಾಡು, ಅದು ಒಳ್ಳೆಯದೇ.

ಬಿಸಿಲಲ್ಲಿ ನಡೆಯಬೇಡ.

ಧೂಳಮ್ಮ

~

ಹುಮನಾಬಾದ
5 ಜುಲೈ 2025

ನಿನ್ನ ನಾಲ್ಕು ಸಾಲು ಬಂತು. ಅಂಗಡಿಯಲ್ಲೇ ಓದಿದೆ. ಗಿರಾಕಿಗಳು ನಿಂತಿದ್ದರು, ಅವರ ಮುಂದೆಯೇ ಅತ್ತುಬಿಟ್ಟೆ.

ಬಸುರಿ ಮಗಳನ್ನು ತವರಿಗೆ ಬರಬೇಡ ಅನ್ನುವ ತಾಯಿಯನ್ನು ನಾನು ಇಷ್ಟು ದಿನ ಕಂಡಿರಲಿಲ್ಲ. ನಾನು ನಿನ್ನನ್ನು ಕೇಳಿದ್ದು ಏನು? ಬಂಗಾರ ಕೇಳಿದೆನಾ? ಒಂದು ಖರೇ ಮಾತು ಕೇಳಿದೆ. ಅದಕ್ಕೆ ನೀನು ಮನೆಯ ಬಾಗಿಲನ್ನೇ ಹಾಕಿದೆ. ಚನ್ನಬಸಪ್ಪನ ಉಪ್ಪು ಅಷ್ಟು ರುಚಿ ಇದೆ ಅಂತ ಗೊತ್ತಿರಲಿಲ್ಲ.

ಹಾಗೇ ಆಗಲಿ. ಇವತ್ತಿನಿಂದ ನನಗೆ ಅವ್ವ ಇಲ್ಲ. ನಿನಗೆ ಮಗಳಿಲ್ಲ. ಆ ಕೌದಿಯನ್ನು ಯಾರಿಗಾದರೂ ಕೊಟ್ಟುಬಿಡು.

ಕಾಜಲ

~

ಬಸವಕಲ್ಯಾಣ ಬಸ್‌ಸ್ಟ್ಯಾಂಡ್
8 ಆಗಸ್ಟ್ 2025

ಮಗಳು ಕಾಜಲಗ ಶೇವಂತಾ ಮಾವಶಿ ಹೇಳಿ ಬರಸಿದ್ದು. ಬರ್ಯಾಕತ್ತಿದವ ಕಂಡಕ್ಟರ್ ಪಾಂಡುರಂಗ.

ನನಗ ಓದಾಕ ಬರ್ಯಾಕ ಬರಂಗಿಲ್ಲ. ಫೋನಿನಾಗ ಹೇಳಿದ್ರ ನೀ ಅರ್ಧಕ್ಕ ಅಳ್ತೀ, ಉಳಿದಿದ್ದು ಕೇಳಂಗಿಲ್ಲ. ಅದಕ್ಕ ಪಾಂಡುರಂಗನ್ನ ಹಿಡಕೊಂಡು ಕುಂದರ್ಸೀನಿ.

ಹೋದ ಐತವಾರ ನಿಮ್ಮವ್ವ ನಮ್ಮ ಮನಿಗಿ ಬಂದಳು. ಸಂಗಟ ಕೊಹಿನೂರದಾಗಿನ ನಿಮ್ಮ ಮಲ್ಲಣ್ಣನ ಗುಡಿ ಪೂಜಾರಿ ಮಾರುತಿ. ಐದು ಮಂದಿ ಮುತ್ತೈದೇರ್ನ ಕರಸಿ ಕುಂದರ್ಸಿದಳು. ಕೈಯಾಗ ನಿನ್ನ ತೊಟ್ಟಿಲ ಕೌದಿ, ಒಂದು ತೆಂಗಿನಕಾಯಿ, ಒಂದು ಹಸರು ಕುಬಸದ ಖಣ. "ಶೇವಂತಾ, ಸೆರಗ ಒಡ್ಡು" ಅಂದಳು. ಯಾಕ ಅಂದೆ. "ನಿನಗ ಮಕ್ಕಳಿಲ್ಲ. ನನ್ನ ಕೂಸನ್ನ ನಿನ್ನ ಉಡ್ಯಾಗ ಹಾಕ್ತೀನಿ. ಇವತ್ತಿನಿಂದ ಆಕಿ ನಿನ್ನಾಕಿ, ನನಗ ಸಮಂದಿಲ್ಲ" ಅಂದಳು. ಇಕಿಗಿ ತಲಿ ಕೆಟ್ಟದ ಅಂದ್ಕೊಂಡೆ. ನಾ ಒಲ್ಲೆ ಅಂದೆ. ಆಗ ಆಕಿ ಕುಬಸದೊಳಗಿಂದ ನಿನ್ನ ಕಾಗದ ತೆಗದು ಪೂಜಾರಿಗಿ ಕೊಟ್ಟಳು. ಆತ ಓದಿದ. ನಿನಗ ಮಗಳಿಲ್ಲ ಅಂತ ನೀನೇ ಬರದೀದಿ ನೋಡು, ಅದನ್ನ ಎರಡ ಸಲ ಓದಿದ. "ಹುಡಗೀನೂ ಬಿಟ್ಟಾಳ, ಗಂಟು ಎರಡೂ ಕಡಿಗಿ ಬಿಚ್ಚ್ಯದ, ಇನ್ನ ತಡಿಲ್ಲ" ಅಂದ.

ಈ ಉಡಿ ನಾ ಮೂವತ್ತು ವರ್ಷ ದೇವರ ಮುಂದ ಒಡ್ಡೀನಿ ಮಗಳೇ. ಒಂದು ಸಲನೂ ತುಂಬಲಿಲ್ಲ. ತುಂಬಿದ್ದು ಹಿಂಗ. ಒಡ್ಡಿದೆ. ಕೌದಿ ಹಾಕುವಾಗ ಆಕಿ ಕೈ ಬಿಡವಲ್ಲದು, ಪೂಜಾರಿ ಬಿಡಸಿದ.

ಬುಧವಾರ ಬೀದರಕ್ಕ ಆಕೀನೇ ನನ್ನ ಕರಕೊಂಡು ಹ್ವಾದಳು. ಸಾಹೇಬ್ರ ಮುಂದ ನಿಂತು "ಇಪ್ಪತ್ತಾರು ಮಂದಿ ರೊಕ್ಕ ನನ್ನ ಕೈಯಾಗ ಕೊಟ್ಟಾರ್ರಿ, ನಾ ಚನ್ನಬಸಪ್ಪಗ ಕೊಟ್ಟೀನ್ರಿ, ಆರು ವರ್ಷಾತು" ಅಂದಳು. ಯಾವ ಚೀಲ, ಯಾವ ಕ್ವಾಣಿ, ಯಾರು ಮುಂದಿದ್ದರು, ಎಲ್ಲಾ ಹೇಳಿದಳು. ಹೊರಗ ನಿಂತಿದ್ದ ಹೆಣ್ಣಮಕ್ಕಳೂ ಆಗ ಒಬ್ಬೊಬ್ಬರೇ ಒಳಗ ಬಂದು ಹೌದ್ರಿ ಹೌದ್ರಿ ಅಂದರು. ಚನ್ನಬಸಪ್ಪ ಎದ್ದು ನಿಂತ. "ಧೂಳಮ್ಮ, ಮಲ್ಲಣ್ಣನ ಭಂಡಾರ ಎತ್ತೀದಿ. ಈ ಮಾತು ಹೊರಗ ಹಾಕಿದ್ರ ಮಗಳ ತಲಿ ಆಣಿ ಅಂದೀದಿ. ನೆನಪದ ಏನು?" ಅಂದ.

ನನಗ ಅಲ್ಲೇ ತಿಳದದ್ದು. ಆರು ವರ್ಷ ಬಾಜೂಕ ಕೂತು ರೊಟ್ಟಿ ತಿಂದೀನಿ, ಒಮ್ಮಿನೂ ಹೇಳಿರಲಿಲ್ಲ.

ನಿಮ್ಮವ್ವ ಹೊಳ್ಳಿ ಅವನ ಮಾರಿ ನೋಡಿದಳು. "ನೆನಪದ್ರಿ. ನನಗ ಮಗಳಿಲ್ರಿ" ಅಂದಳು.

ಬರುವ ಐತವಾರ ಬಿಟ್ಟು ಮುಂದಿನ ಐತವಾರ ನಾ ಕುಬಸ ತೊಗೊಂಡು ಬರ್ತೀನಿ. ಹಸರು ಬಳಿ ಆಕೀನೇ ಆರಿಸಿ ಕೊಟ್ಟಾಳ, ನಾ ಹೇಳೀನಿ ಅಂತ ಅನ್ನಬ್ಯಾಡ. ಬಾಗಲಾ ಹಾಕಬ್ಯಾಡ ಮಗಳೇ. ನಾ ಕಸ್ಕೊಂಡಿಲ್ಲ.

ಶೇವಂತಾ ಹೆಬ್ಬಟ್ಟು ಒತ್ಯಾಳ.

ತಂಗಿ, ನಾನು ಪಾಂಡುರಂಗ. ಬರೆಯುತ್ತ ಎರಡು ಸಲ ನಿಂತೆ. ಬಸ್ಸು ಹತ್ತು ನಿಮಿಷ ತಡವಾಯಿತು, ಡ್ರೈವರ್ ಬೈದ.

~

ಹುಮನಾಬಾದ
9 ಆಗಸ್ಟ್ 2025

ಅವ್ವಾ, ಅವ್ವಾ, ಅವ್ವಾ,

ಎಷ್ಟು ಸಲ ಬೇಕಾದರೂ ಬರೆಯುತ್ತೇನೆ. ನಿನ್ನೆ ಸಂಜೆಯಿಂದ ಫೋನ್ ಮಾಡುತ್ತಿದ್ದೇನೆ, ನೀನು ಎತ್ತುತ್ತಿಲ್ಲ.

ನಾನು ಸಿಟ್ಟಿನಲ್ಲಿ ಬರೆದದ್ದು ಅದು. ಸಿಟ್ಟಿನಲ್ಲಿ ನೀನು ನನಗೆ ಎಷ್ಟು ಸಲ "ಹಾಳಾಗಿ ಹೋಗು" ಅಂದಿಲ್ಲ? ನಾನು ಹಾಳಾಗಿ ಹೋದೆನಾ? ಆ ಕಾಗದವನ್ನು ಪೂಜಾರಿಗೆ ಓದಿಸಿದೆಯಲ್ಲ, ನನ್ನ ಕೈಯಿಂದಲೇ ನನ್ನ ಗಂಟು ಬಿಚ್ಚಿಸಿದೆಯಲ್ಲ. ಆ ಎರಡು ಸಾಲು ಬರೆದ ಈ ಕೈಯನ್ನು ನೋಡಿದರೆ ನನಗೆ ಈಗ ಅಸಹ್ಯ.

ಭಂಡಾರ ಅಂದರೆ ಅರಿಶಿನದ ಪುಡಿ ಅವ್ವಾ. ಚನ್ನಬಸಪ್ಪ ಯಾವುದೋ ಕಿರಾಣಿ ಅಂಗಡಿಯಲ್ಲಿ ಕೊಂಡು ತಂದಿರಬೇಕು. ನಿನ್ನನ್ನು ಕಟ್ಟಿಹಾಕಲು ತಂದದ್ದು. ದೇವರಿಗೆ ಅಷ್ಟೂ ತಿಳಿಯುವುದಿಲ್ಲವಾ? ಬಡವರ ಅನ್ನ ತಿಂದವನನ್ನು ಬಿಟ್ಟು ನನ್ನ ತಲೆಗೆ ಬರುತ್ತಾನಾ ಮಲ್ಲಣ್ಣ? ಅಂಥ ದೇವರಾದರೆ ನನಗೆ ಬೇಡ.

ನಾನು ಬರುತ್ತೇನೆ. ಬಾಗಿಲು ತೆರೆ.

ನಿನ್ನ ಮಗಳು, ನಿನ್ನದೇ ಮಗಳು
ಕಾಜಲ

~

ಬಸವಕಲ್ಯಾಣ
28 ಸೆಪ್ಟೆಂಬರ್ 2025

ಶೇವಂತಾಬಾಯಿಯವರ ಮಗಳು ಕಾಜಲಬಾಯಿ ಅವರಿಗೆ ದವಾಖಾನೆಯ ಆಯಾ ಧೂಳಮ್ಮ ಮಾಡುವ ಶರಣು.

ನೀವು ಎರಡು ಸಲ ನನ್ನ ಮನೆಗೆ ಬಂದಿರಿ. ಒಳಗೇ ಇದ್ದೆ. ಬಾಗಿಲ ಚಿಲಕ ಎರಡೂ ಕೈಯಿಂದ ಹಿಡಿದುಕೊಂಡಿದ್ದೆ. ಕ್ಷಮಿಸಿರಿ. ನಿಮ್ಮ ಐದು ಕಾಗದ ಮುಟ್ಟಿವೆ. ಉತ್ತರ ಬರೆಯಲು ಬೀದರಿನ ಸಾಹೇಬರ ಆದೇಶ ಬರಲಿ ಅಂತ ಕಾದೆ. ಮೊನ್ನೆ ಬಂತು.

ಪಗಾರದಿಂದ ತಿರುಗಿ ಇಸಗೊಂಡ ರೊಕ್ಕವನ್ನು ಏಜೆನ್ಸಿಯವರು ಎಲ್ಲರಿಗೂ ಕೊಡಬೇಕು ಅಂತ ಬರೆದಿದ್ದಾರೆ. ನಿಮ್ಮ ಅವ್ವ ಶೇವಂತಾಬಾಯಿಯನ್ನು ತಿರುಗಿ ಕೆಲಸಕ್ಕೆ ತೆಗೆದುಕೊಂಡರು. ಹೊಸ ಟೆಂಡರ್ ಆಗುವವರೆಗೆ ಯಾರನ್ನೂ ತೆಗೆಯಬಾರದಂತೆ, ನನ್ನನ್ನೂ. ಚನ್ನಬಸಪ್ಪ ಈಗ ಬರುವುದಿಲ್ಲ. ಹೆಂಗಸರಲ್ಲಿ ಕೆಲವರು ನನ್ನ ಜೊತೆ ಮಾತಾಡುವುದಿಲ್ಲ. ಅವರದು ತಪ್ಪಿಲ್ಲ. ಆರು ವರ್ಷ ಅವರ ಮುಂದೆ ಚೀಲ ಹಿಡಿದವಳು ನಾನು.

ನೀವು ಒಂದು ಸಲ ಕೇಳಿದ್ದಿರಿ, ಖುಷಿ ಮುಟ್ಟದ ಕೈ ಅದನ್ನು ಹೇಗೆ ಮುಟ್ಟಿತು ಅಂತ. ಈಗ ಹೇಳಬಹುದು.

ಆಗ ನನಗೆ ಒಬ್ಬಳು ಮಗಳಿದ್ದಳು. ಪಿಯುಸಿ ಓದುತ್ತಿದ್ದಳು. ಅಕ್ಷರ ಮುತ್ತು ಪೋಣಿಸಿದ ಹಾಗೆ ಇರುತ್ತಿತ್ತು. ಆ ವರ್ಷ ಅವಳ ಅಪ್ಪ ತೀರಿಕೊಂಡ, ಕುರಿ ಮಾರಿದೆವು, ನನ್ನ ಪಗಾರ ಬಿಟ್ಟರೆ ಮನೆಯಲ್ಲಿ ಏನೂ ಇರಲಿಲ್ಲ. ಒಂದು ದಿನ ಚನ್ನಬಸಪ್ಪನವರು ಸ್ಟೋರ್ ರೂಮಿಗೆ ಕರೆದರು. ಫಿನಾಯಿಲ್ ಡಬ್ಬಿಯ ಮೇಲೆ ಪೇಪರಿನಲ್ಲಿ ಭಂಡಾರ ಬಿಚ್ಚಿ ಇಟ್ಟಿದ್ದರು. ಅವರ ಮನೆಯಲ್ಲಿ ಭಂಡಾರದ ನಡೆ ಇಲ್ಲ. ನಮ್ಮ ಮನೆಯಲ್ಲಿ ಭಂಡಾರ ಎತ್ತಿದವರು ಮಾತು ತಪ್ಪುವುದಿಲ್ಲ ಅನ್ನುವುದು ಅವರಿಗೆ ಗೊತ್ತಿತ್ತು. "ನಿನ್ನ ಮ್ಯಾಲ ಎಲ್ಲಾರಿಗಿ ಭರವಸಿ ಅದ ಧೂಳಮ್ಮ. ನೀನೇ ಕೂಡಸು. ನಿನ್ನ ರೊಕ್ಕಾ ಕೊಡಬ್ಯಾಡ" ಅಂದರು. ನನ್ನದೂ ಕೊಡುತ್ತೇನೆ ಅಂದೆ, ಕೊಟ್ಟೆ. ಅದೊಂದೇ ನನಗೆ ಹೇಳಿಕೊಳ್ಳಲು ಉಳಿದದ್ದು. ಮಗಳ ತಲೆ ಆಣೆ ಅಂತ ಅವರೇ ಬಾಯಿಗೆ ಹಾಕಿದರು, ನಾನು ಅಂದೆ. ಆಣೆ ಮಾಡಿದ್ದನ್ನು ಹೇಳಿದರೂ ಆಣೆ ಮುರಿದ ಹಾಗೆ. ಅದಕ್ಕೇ ಅವಳಿಗೆ ಕಾರಣ ಹೇಳಲಿಲ್ಲ.

ಶೇವಂತಾಬಾಯಿ ಬೀದರಿನಲ್ಲಿ ನೆನಪಿಲ್ಲ ಅಂದದ್ದನ್ನು ನಿಮ್ಮ ಕಾಗದದಲ್ಲಿ ಓದಿದ ದಿನ ನಾನು ಕೊಹಿನೂರಿಗೆ ಹೋದೆ. ಪೂಜಾರಿಯನ್ನು ಕೇಳಿದೆ, ಮಾತೂ ಆಡಬೇಕು, ಮಗಳೂ ಉಳಿಯಬೇಕು, ಹಾದಿ ಇದೆಯಾ ಅಂತ. ಮಗಳೇ ನಿನ್ನವಳಲ್ಲ ಅಂದ ಮೇಲೆ ಆಣೆ ಯಾರ ತಲೆಗೆ ಬರಬೇಕು, ಆದರೆ ಒಮ್ಮೆ ಉಡಿಯಲ್ಲಿ ಹಾಕಿದ್ದನ್ನು ತಿರುಗಿ ತೆಗೆಯುವುದಿಲ್ಲ, ವಿಚಾರ ಮಾಡು ಅಂದರು. ವಿಚಾರ ಮಾಡಿದೆ.

ನೀವು ಓದಿದವರು. ಅರಿಶಿನದ ಪುಡಿ ಅಂತ ಬರೆದಿದ್ದೀರಿ. ನಿಮಗೆ ಅದು ಪುಡಿಯೇ ಇರಬಹುದು. ನಾನು ನಂಬುತ್ತೇನೆ. ನಿಮ್ಮ ಕೂಸಿಗೆ ನಾಳೆ ಒಂದು ಕೆಮ್ಮು ಬಂದರೂ ಅದು ನನ್ನ ಮಾತಿನಿಂದ ಬಂತು ಅಂತಲೇ ತಿಳಿದು ಸಾಯುತ್ತೇನೆ. ನನ್ನ ಮೇಲೆ ಕರುಣೆ ಇದ್ದರೆ ನನ್ನನ್ನು ಅವ್ವ ಅನ್ನಬೇಡಿರಿ. ಹೆರಿಗೆಗೆ ಶೇವಂತಾಬಾಯಿಯವರ ಮನೆಗೆ ಬನ್ನಿರಿ, ಅದು ನಿಮ್ಮ ತವರು. ವಾರ್ಡಿನಲ್ಲಿ ನನ್ನ ಡ್ಯೂಟಿ ಇದ್ದರೆ ಎಲ್ಲರಿಗೂ ಮಾಡುವಷ್ಟು ನಿಮಗೂ ಮಾಡುತ್ತೇನೆ.

ನಿಮ್ಮ ಹಿತ ಬಯಸುವ
ಧೂಳಮ್ಮ, ಆಯಾ

~

ಬಸವಕಲ್ಯಾಣ, ಶೇವಂತಾಬಾಯಿಯವರ ಮನೆ
5 ನವೆಂಬರ್ 2025

ಧೂಳಮ್ಮನವರಿಗೆ ಕಾಜಲಳ ಶರಣು.

ನಿಮ್ಮ ಮನೆಗೂ ಈ ಮನೆಗೂ ನಡುವೆ ಎರಡು ಓಣಿ. ಆದರೂ ಕಾಗದ ಬರೆಯುತ್ತಿದ್ದೇನೆ. ಪಾಂಡುರಂಗ ಕಾಕಾ "ಈಗ ಯಾತರ ಬಸ್ಸು, ನಡಕೋತ ಹೋಗಿ ಕೊಡ್ತೀನಿ" ಅಂದು ನಕ್ಕರು. ಆಮೇಲೆ ನಗು ನಿಲ್ಲಿಸಿದರು.

ನಿಜ ಹೇಳುತ್ತೇನೆ, ನಾನು ಮೋಸ ಮಾಡಬೇಕು ಅಂತಲೇ ಬಂದಿದ್ದೆ. ವಾರ್ಡಿನಲ್ಲಿ ನಿಮ್ಮ ಕೈ ಹಿಡಿದು, ಎಲ್ಲರ ಮುಂದೆ ಅವ್ವಾ ಅಂದುಬಿಟ್ಟರೆ ನೀವು ಏನು ಮಾಡುತ್ತೀರಿ ಅಂತ ನೋಡಬೇಕಿತ್ತು. ಬೆಳಿಗ್ಗೆ ಹತ್ತಕ್ಕೆ ಬಂದೆ. ಸಿಸ್ಟರ್ ಇಂಜೆಕ್ಷನ್ ತುಂಬುತ್ತಿದ್ದರು, ಕೇಸ್ ಪೇಪರಿಗೆ ಕೇಳುವುದು ನಿಮ್ಮ ಪಾಲಿಗೆ ಬಂತು. "ಹೆಸರೇನ್ರಿ? ಗಂಡನ ಹೆಸರು? ತಾಯಿ ಹೆಸರು?" ಅಂದಿರಿ. ನಾನು ನಿಮ್ಮ ಮುಖ ನೋಡಿದೆ. ನೀವು ಕಾಗದ ನೋಡುತ್ತಿದ್ದಿರಿ. ಶೇವಂತಾಬಾಯಿ ಅಂದೆ. ನೀವು ಉಸಿರು ಬಿಟ್ಟಿರಿ. ಅಷ್ಟು ಹೆದರಿಕೆಯನ್ನು ನಾನು ಯಾರ ಮುಖದಲ್ಲೂ ನೋಡಿರಲಿಲ್ಲ. ಮೋಸ ಮಾಡುವ ಆಸೆ ಅಲ್ಲೇ ಹೋಯಿತು.

ಆದರೆ ನೋವು ಹೆಚ್ಚಾದಾಗ ಬಾಯಿ ನನ್ನ ಮಾತು ಕೇಳಲಿಲ್ಲ. ಅವ್ವಾ ಅಂತ ಕೂಗಿದೆ. ಒಂದು ಸಲವಲ್ಲ, ಬಹಳ ಸಲ. ನೀವು ಬೇಡ ಅಂದದ್ದನ್ನು ಮಾಡಿದ್ದಕ್ಕೆ ಈ ಕಾಗದ. ಬೇಕಂತ ಮಾಡಿದ್ದಲ್ಲ. ಅವತ್ತಿನಿಂದ ನಿಮಗೆ ನಿದ್ದೆ ಇಲ್ಲ, ಊಟ ಬಿಟ್ಟಿದ್ದೀರಿ ಅಂತ ಇಲ್ಲಿ ಹೇಳಿದರು.

ಹೆಣ್ಣು ಕೂಸು. ನೀವೇ ಮೊದಲು ಎತ್ತಿಕೊಂಡಿರಿ. ಬೇರೆಯವರ ಕೂಸುಗಳನ್ನು ಎಷ್ಟು ಹೊತ್ತು ಒರೆಸುತ್ತೀರೋ ನನಗೆ ಗೊತ್ತಿಲ್ಲ, ಇದನ್ನು ಬಹಳ ಹೊತ್ತು ಒರೆಸಿದಿರಿ. ಸಿಸ್ಟರ್ "ಧೂಳಮ್ಮ, ಸಾಕ ಬಿಡು, ತೊಗಲ ಕಿತ್ತೀತು" ಅಂದರು. ಆ ಹಳೆಯ ಕೌದಿಯಲ್ಲಿ ಸುತ್ತಿ ಶೇವಂತಾ ಅವ್ವನ ಉಡಿಯಲ್ಲಿ ಇಟ್ಟಿರಿ. ಈ ಸಲ ಯಾರೂ ನಿಮ್ಮ ಕೈ ಬಿಡಿಸಬೇಕಾಗಲಿಲ್ಲ.

ಬಿಡುಗಡೆ ಆಗುವ ದಿನ ನಾನು ನೂರರ ನೋಟು ಹಿಡಿದು "ಆಯಾಬಾಯಿ, ಖುಷಿ ತೊಗೋರಿ" ಅಂದೆ. ಶೇವಂತಾ ಅವ್ವ ಗೋಡೆಯ ಕಡೆ ತಿರುಗಿ ನಿಂತಳು. ನೀವು ಯಾರ ಹತ್ತಿರವೂ ತೆಗೆದುಕೊಂಡವರಲ್ಲ. ಬೇಡ ಅನ್ನುತ್ತೀರಿ, ಮಗಳ ಹತ್ತಿರ ಯಾರಾದರೂ ಖುಷಿ ಇಸಗೊಳ್ಳುತ್ತಾರಾ ಅಂತ ಕಣ್ಣಿನಲ್ಲಾದರೂ ಹೇಳುತ್ತೀರಿ ಅಂದುಕೊಂಡಿದ್ದೆ. ನೀವು ಎರಡೂ ಕೈ ಚಾಚಿ ತೆಗೆದುಕೊಂಡಿರಿ. ಕಣ್ಣಿಗೆ ಒತ್ತಿಕೊಂಡಿರಿ.

ಇನ್ನು ಮೇಲೆ ನಿಮ್ಮ ಬಾಗಿಲು ಬಡಿಯುವುದಿಲ್ಲ. ಸಾಯುವವರೆಗೂ ಧೂಳಮ್ಮನವರೇ ಅನ್ನುತ್ತೇನೆ. ಊಟ ಮಾಡಿರಿ.

ಶೇವಂತಾಬಾಯಿಯವರ ಮಗಳು
ಕಾಜಲ

~

ಬಸವಕಲ್ಯಾಣ
13 ನವೆಂಬರ್ 2025

ಕಾಜಲಬಾಯಿ ಅವರಿಗೆ ಧೂಳಮ್ಮನ ಶರಣು.

ನಿಮ್ಮ ಕಾಗದ ಮುಟ್ಟಿತು. ಊಟ ಮಾಡುತ್ತಿದ್ದೇನೆ.

ನಿಮ್ಮ ಅವ್ವನಿಗೆ ಮಕ್ಕಳನ್ನು ಸಾಕಿ ಗೊತ್ತಿಲ್ಲ, ಅದಕ್ಕೆ ನಾಲ್ಕು ಮಾತು. ಕೂಸಿನ ನೆತ್ತಿಗೆ ದಿನಾ ಎಣ್ಣೆ ಒತ್ತಬೇಕು ಅಂತ ನಿಮ್ಮ ಅವ್ವನಿಗೆ ಹೇಳಿರಿ. ನೀರು ಹಾಕುವಾಗ ಕಾಲ ಮೇಲೆ ಬೋರಲು ಮಲಗಿಸಿಕೊಳ್ಳಬೇಕು, ಕುತ್ತಿಗೆಯ ಕೆಳಗೆ ಕೈ ಇರಬೇಕು. ಅಂಟಿನ ಉಂಡೆ ದಿನಕ್ಕೆ ಎರಡು ನೀವು ತಿನ್ನಬೇಕು. ಡಬ್ಬಿ ಪಾಂಡುರಂಗನ ಕೈಯಲ್ಲಿ ಕಳಿಸಿದ್ದೇನೆ, ಅಂಗಡಿಯದು ಅಂತ ತಿಳಿಯಿರಿ. ಕೂಸಿನ ಬಲಗಿವಿಯ ಹಿಂದೆ ಒಂದು ಮಚ್ಚೆ ಇದೆ. ಒರೆಸುವಾಗ ನೋಡಿದೆ. ಅಂಥದೇ ಮಚ್ಚೆ ಇನ್ನೊಬ್ಬರಿಗೆ ಅಲ್ಲೇ ಇತ್ತು, ಅವರು ಈಗ ಇಲ್ಲ. ಕುರಿ ಕಾಯುತ್ತಿದ್ದರು.

ನಿಮ್ಮ ಖುಷಿಯ ನೋಟು ಮುರಿಸಿಲ್ಲ. ದೇವರ ಜಗಲಿಯ ಮೇಲಿದೆ.

ನೀವು ಕೂಗಿದ್ದಕ್ಕೆ ನನಗೆ ಬಹಳ ಹೆದರಿಕೆಯಾಗಿತ್ತು, ಖರೇ. ಕೊಹಿನೂರಿಗೆ ಹೋಗಿ ಪೂಜಾರಿಯನ್ನು ಕೇಳಿ ಬಂದೆ. ಹೆರಿಗೆ ಮೇಜಿನ ಮೇಲೆ ಮಲಗಿದ ಹೆಣ್ಣುಮಕ್ಕಳೆಲ್ಲಾ ಅವ್ವಾ ಅಂತಲೇ ಕೂಗುತ್ತಾರೆ, ತಾಯಿ ಸತ್ತವರೂ ಕೂಗುತ್ತಾರೆ, ಹದಿನೈದು ವರ್ಷ ಕೇಳಿದ್ದೇನೆ ಅಂತ ಅವರಿಗೆ ಹೇಳಿದೆ. ಹಾಗಾದರೆ ಅದು ಲೆಕ್ಕಕ್ಕಿಲ್ಲ, ಮನೆಗೆ ಹೋಗಿ ಉಣ್ಣು ಅಂದರು. ಇನ್ನೊಂದು ಸಲ ಹೇಳಿರಿ ಅಂತ ಹೇಳಿಸಿಕೊಂಡು ಬಂದೆ.

ನೀವು ಕೂಗಿದಾಗಲೆಲ್ಲಾ ನಾನು ಗೋಡೆಯ ಕಡೆ ಮುಖ ಮಾಡಿ ಓ ಅಂದೆ. ನಿಮಗೆ ಕೇಳಿಸಿರಲಿಕ್ಕಿಲ್ಲ. ಅದು ಲೆಕ್ಕಕ್ಕಿದೆಯೋ ಇಲ್ಲವೋ ಅಂತ ಮಾತ್ರ ನಾನು ಪೂಜಾರಿಯನ್ನು ಕೇಳಲಿಲ್ಲ.

ಧೂಳಮ್ಮ
ಆಯಾ, ಹೆರಿಗೆ ವಾರ್ಡು